ಹತ್ತು ಸಾವಿರದ ಐನೂರ ಎಂಬತ್ತು ಓಮಿನ ಅಜ್ಜಿ

ನಮ್ಮ ಭಾವನಿಗೆ ಲೆಕ್ಕ ಬರುವುದಿಲ್ಲ ಎನ್ನುವವರು ಒಮ್ಮೆ ನನ್ನೆದುರಿಗೆ ಬರಲಿ. ಲೆಕ್ಕ ಚೆನ್ನಾಗಿಯೇ ಬರುತ್ತದೆ. ಕೂಡುವುದು, ಕಳೆಯುವುದು, ದಶಮಾಂಶದ ಆಚೆ ಎರಡು ಸ್ಥಾನದವರೆಗೆ ಭಾಗಿಸುವುದು, ಯಾವುದರಲ್ಲೂ ತಪ್ಪು ಹಿಡಿಯುವಂತಿಲ್ಲ. ಬಂದ ಉತ್ತರವನ್ನು ಏನು ಮಾಡಬೇಕು ಎಂಬುದು ಮಾತ್ರ ಅವರಿಗೆ ಹೊಳೆಯುವುದಿಲ್ಲ. ಅದು ಹೊಳೆಯದೆ ಹೋದದ್ದರಿಂದ ನಮ್ಮ ಕಟ್ಟಡದಲ್ಲಿ ಒಂದು ವಾರ ಏನೇನಾಯಿತು ಎಂದು ಬರೆದಿಡುವ ಕೆಲಸ ನನ್ನ ತಲೆಗೆ ಬಂದಿದೆ, ಯಾಕೆಂದರೆ ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ನಮ್ಮದು ಎರಡಂತಸ್ತಿನ ಹಳೆಯ ಕಟ್ಟಡ. ಐದು ಬಿಡಾರ, ಒಂದು ಮೀಟರು, ಒಂದು ಫ್ಯೂಸು. ಮೇಲೆ ಅಕ್ಕ ಭಾವನ ಮನೆ. ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದ ನಾನೂ ಅವರ ಜೊತೆಗೇ ಇದ್ದೆ. ಪಕ್ಕದಲ್ಲಿ ಆಸ್ಪತ್ರೆಯ ನರ್ಸಮ್ಮ. ಕೆಳಗೆ ಬೀದಿಯ ಕಡೆ ದರ್ಜಿ, ಹಿಂಭಾಗದಲ್ಲಿ ನಿವೃತ್ತ ಹೆಡ್‌ಮಾಸ್ಟರು. ಐದನೆಯದು ಮೆಟ್ಟಿಲ ಕೆಳಗಿನ ಕೋಣೆ. ಅಲ್ಲಿ ಬೀಗದ ಅಜ್ಜಿ. ಅಜ್ಜಿ ಬೀಗ ಮಾರುವವರಲ್ಲ, ರಿಪೇರಿ ಮಾಡುವವರೂ ಅಲ್ಲ. ಸದಾ ಮನೆಯಲ್ಲಿರುವ ಜೀವ ಅದೊಂದೇ ಆದ್ದರಿಂದ ಹೊರಗೆ ಹೋಗುವವರೆಲ್ಲ ತಮ್ಮ ಬೀಗದಕೈಯನ್ನು ಅವರ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿ ಹೋಗುತ್ತಿದ್ದರು. ಮೂವತ್ತು ವರ್ಷದಿಂದ ಹೀಗೆ. ಆ ಕೋಣೆಗೆ ಕಿಟಕಿ ಇಲ್ಲ. ಹಗಲೂ ಅಲ್ಲಿ ಒಂದು ಪುಟ್ಟ ಬಲ್ಬು ಉರಿಯುತ್ತಿರಬೇಕು. ಐದು ವ್ಯಾಟಿನದು, ನಿಂಬೆಹಣ್ಣಿಗಿಂತ ಚಿಕ್ಕದು. ಅದರ ಬೆಳಕಿನಲ್ಲಿ ಪತ್ರಿಕೆ ಓದಲಾಗದು, ಅಜ್ಜಿಯ ಮುಖ ಮತ್ತು ನಮ್ಮ ಬೀಗದಕೈ ಕಾಣುತ್ತಿದ್ದವು.

ದಿನಾ ಬೆಳಿಗ್ಗೆ ಏಳೂವರೆಗೆ ಫ್ಯೂಸು ಹೋಗುತ್ತಿತ್ತು. ಗಡಿಯಾರ ನಿಂತರೂ ಅದು ತಪ್ಪುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸುವ ಕೈ ಎಂಬ ಕಾರಣಕ್ಕೆ ಫ್ಯೂಸಿಗೆ ತಂತಿ ಪೋಣಿಸುವ ಕೆಲಸವನ್ನೂ ದರ್ಜಿಗೇ ಒಪ್ಪಿಸಿದ್ದೆವು. ಆದರೆ ಒಂದು ಸೋಮವಾರ ಫ್ಯೂಸು ಸುಮ್ಮನೆ ಹೋಗಲಿಲ್ಲ. ಢಬ್ ಎಂದಿತು, ಹೊಗೆ ಬಂತು, ಗೋಡೆಯ ಮೇಲೆ ಒಂದು ಮೊಳ ಕಪ್ಪು ಮಸಿ ಬಳಿಯಿತು. ಸುದ್ದಿ ಮಾಲೀಕರಿಗೆ ಮುಟ್ಟಿತು.

ಮಾಲೀಕರದ್ದು ಪಾತ್ರೆ ಅಂಗಡಿ. ಆಸಾಮಿ ಕೆಟ್ಟವರಲ್ಲ, ಆದರೆ ಬೆಂಕಿ ಎಂದರೆ ಪ್ರಾಣಭಯ. ಮಸಿಯನ್ನು ಬೆರಳಿನಿಂದ ಮುಟ್ಟಿ, ಬೆರಳನ್ನು ನಮ್ಮೆಲ್ಲರಿಗೂ ತೋರಿಸಿದರು.

"ನೋಡಿ, ಇದು ಇವತ್ತು ಗೋಡೆ. ನಾಳೆ ಇಡೀ ಮನೆ. ನಿಮ್ಮಲ್ಲಿ ಯಾರೋ ಒಬ್ರು ಮಿತಿ ಮೀರಿ ಕರೆಂಟು ಎಳೀತಿದ್ದೀರಿ. ಯಾರು ಅಂತ ನೀವೇ ಕಂಡುಹಿಡೀರಿ. ಅವರು ಶನಿವಾರ ಮನೆ ಖಾಲಿ ಮಾಡಲಿ. ಇಲ್ಲದಿದ್ರೆ ಐದೂ ಮನೆಯವರು ಹೊರಡಿ. ನನಗೆ ನಿದ್ದೆ ಮುಖ್ಯ."

ಎಲ್ಲರೂ ನೆಲ ನೋಡಿದರು. ಭಾವ ಒಂದು ಹೆಜ್ಜೆ ಮುಂದೆ ಬಂದರು. ಅವರು ಸರ್ಕಾರಿ ಕಚೇರಿಯೊಂದರಲ್ಲಿ ರವಾನೆ ವಿಭಾಗದ ಗುಮಾಸ್ತರು. ಇಪ್ಪತ್ತು ವರ್ಷದಿಂದ ಯಾರೂ ಅವರನ್ನು ಏನನ್ನೂ ಕೇಳಿರಲಿಲ್ಲ. ಈಗಲೂ ಯಾರೂ ಕೇಳಲಿಲ್ಲ.

"ಇದಕ್ಕೆ ಒಂದು ಶಾಸ್ತ್ರ ಇದೆ," ಎಂದರು ಭಾವ. "ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದೋನು. ಊಹೆ ಬೇಡ, ಜಗಳ ಬೇಡ. ಪ್ರತಿ ಸಾಮಾನಿನ ರೋಧ, ಅಂದ್ರೆ ಅದು ಕರೆಂಟಿಗೆ ಒಡ್ಡೋ ಅಡ್ಡಿ, ಲೆಕ್ಕ ಹಾಕಿ ಪಟ್ಟಿ ಮಾಡಿಕೊಡ್ತೀನಿ. ಅಪರಾಧಿ ತಾನಾಗೇ ಹೊರಗೆ ಬರ್ತಾನೆ."

"ರೀ, ನೀವು ಓದಿದ್ದು ಒಂದೇ ವರ್ಷ," ಎಂದಳು ಅಕ್ಕ ಮೆಟ್ಟಿಲ ಮೇಲಿನಿಂದ.

"ಅದೇ ವರ್ಷ ಈ ಪಾಠ ಇತ್ತು."

ಮಾಲೀಕರಿಗೆ ಶಾಸ್ತ್ರ ಎಂಬ ಮಾತು ಹಿಡಿಸಿತು. ಬರಹದಲ್ಲಿರುವುದನ್ನು ಅವರು ಎಂದೂ ಪ್ರಶ್ನಿಸಿದವರಲ್ಲ. "ಬರೆದು ಕೊಡಿ ಸ್ವಾಮಿ. ಬರೆದದ್ದು ಅಂದ್ರೆ ಬರೆದದ್ದು," ಎಂದು ಹೇಳಿ ಹೋದರು.

ಅಂದು ಸಂಜೆಯೇ ತಪಾಸಣೆ ಶುರುವಾಯಿತು. ಭಾವನ ಕೈಯಲ್ಲಿ ಭೂತಗನ್ನಡಿ, ಕಿವಿಯ ಮೇಲೆ ಪೆನ್ಸಿಲು, ಹಿಂದೆ ನೋಟ್‌ಪುಸ್ತಕ ಹಿಡಿದ ನಾನು. ಸೂತ್ರ ಸುಲಭವಾಗಿತ್ತು. ನಮ್ಮ ಕಡೆ ಬರುವ ವಿದ್ಯುತ್ತು ಇನ್ನೂರ ಮೂವತ್ತು ವೋಲ್ಟು. ಅದನ್ನು ಅದರಿಂದಲೇ ಗುಣಿಸಿದರೆ ಐವತ್ತೆರಡು ಸಾವಿರದ ಒಂಬೈನೂರು. ಅದನ್ನು ಸಾಮಾನಿನ ಮೇಲೆ ಬರೆದಿರುವ ವ್ಯಾಟಿನಿಂದ ಭಾಗಿಸಿದರೆ ಬರುವುದು ರೋಧ, ಓಮ್ ಲೆಕ್ಕದಲ್ಲಿ. ಇಷ್ಟು ಭಾವನಿಗೆ ಮುಖಪಾಠವಾಗಿತ್ತು, ಇಷ್ಟರಲ್ಲಿ ಒಂದಕ್ಷರ ತಪ್ಪಿಲ್ಲ.

ಮೊದಲು ದರ್ಜಿಯ ಅಂಗಡಿ. ದರ್ಜಿ ಬಾಗಿಲಲ್ಲೇ ಅಡ್ಡ ನಿಂತಿದ್ದ. ಇಸ್ತ್ರಿಪೆಟ್ಟಿಗೆಯನ್ನು ಎರಡು ಪ್ಯಾಂಟಿನ ಕೆಳಗೆ ಅಡಗಿಸಿಟ್ಟಿದ್ದ.

"ಸಾರ್, ಅದು ಹಳೇದು. ಅದನ್ನ ಲೆಕ್ಕಕ್ಕೆ ಹಿಡೀಬೇಡಿ ಸಾರ್."

ಭಾವ ಭೂತಗನ್ನಡಿ ಹಿಡಿದು ಓದಿದರು. ಸಾವಿರ ವ್ಯಾಟು. ಭಾಗಿಸಿದರು. "ಐವತ್ತೆರಡು ಪಾಯಿಂಟ್ ಒಂಬತ್ತು," ಎಂದು ಮುಖ ಅರಳಿಸಿದರು. "ಬರೀ ಐವತ್ಮೂರು ಓಮು! ಚಿನ್ನದಂಥ ಪೆಟ್ಟಿಗೆ. ಇದನ್ನ ಯಾಕಯ್ಯಾ ಬಚ್ಚಿಡ್ತೀಯ?"

ದರ್ಜಿಯ ಕಣ್ಣು ತುಂಬಿ ಬಂತು. ತನ್ನ ಬಾಳಿನಲ್ಲಿ ತನ್ನ ಯಾವ ವಸ್ತುವನ್ನೂ ಯಾರೂ ಹೀಗೆ ಹೊಗಳಿರಲಿಲ್ಲವಂತೆ.

ನರ್ಸಮ್ಮನ ಕರೆಂಟು ಒಲೆ ಒಂದೂವರೆ ಸಾವಿರ ವ್ಯಾಟು, ಮೂವತ್ತೈದು ಓಮು. ಭಾವ ಅವರಿಗೆ ಕೈ ಮುಗಿದರು. ನಮ್ಮ ಮನೆಯಲ್ಲಿ ಬಕೆಟ್ಟಿಗೆ ಇಳಿಬಿಡುವ ಹೀಟರು ಎರಡು ಸಾವಿರ ವ್ಯಾಟು, ಇಪ್ಪತ್ತಾರೂವರೆ ಓಮು. ಅದನ್ನು ಬರೆಸುವಾಗ ಭಾವ ವಿನಯದಿಂದ ಕಣ್ಣು ಮುಚ್ಚಿಕೊಂಡರು. "ನಾವು ಮೊದಲಿನಿಂದಲೂ ಹಿತಮಿತದಲ್ಲಿ ಬದುಕಿದೋರು," ಎಂದರು.

ತೊಂದರೆ ಶುರುವಾದದ್ದು ಹೆಡ್‌ಮಾಸ್ಟರ ಮನೆಯಲ್ಲಿ. ಅವರದ್ದು ಇಪ್ಪತ್ತು ವ್ಯಾಟಿನ ರೇಡಿಯೋ. ಉತ್ತರ ಬಂದದ್ದು ಎರಡು ಸಾವಿರದ ಆರುನೂರ ನಲವತ್ತೈದು.

"ಏನ್ರೀ ಇದು!" ಎಂದು ಹೆಡ್‌ಮಾಸ್ಟರು ಎದ್ದು ನಿಂತರು. "ನಾನು ಬರೀ ವಾರ್ತೆ ಕೇಳೋನು. ಹಾಡು ಬಂದ್ರೆ ಆರಿಸ್ತೀನಿ!"

"ವಾರ್ತೆಯೋ ಹಾಡೋ, ಓಮ್ ಓಮೇ, ಮೇಷ್ಟ್ರೇ," ಎಂದರು ಭಾವ ನೊಂದ ದನಿಯಲ್ಲಿ.

ಕೊನೆಗೆ ಮೆಟ್ಟಿಲ ಕೆಳಗೆ ಬಂದೆವು. ಅಜ್ಜಿಯ ಬಲ್ಬು ಐದು ವ್ಯಾಟು. ಭಾವ ಭಾಗಿಸಿದರು. ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಭಾಗಿಸಿದರು. ಪೆನ್ಸಿಲ್ ತುದಿ ಕೆತ್ತಿ ಮೂರನೇ ಸಲ ಭಾಗಿಸಿದರು. ಮೂರು ಸಲವೂ ಬಂದದ್ದು ಹತ್ತು ಸಾವಿರದ ಐನೂರ ಎಂಬತ್ತು.

"ಎಷ್ಟಪ್ಪಾ ನಂದು?" ಎಂದರು ಅಜ್ಜಿ.

ಭಾವ ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಹೊರಗೆ ಬಂದರು. ಮೆಟ್ಟಿಲ ಮೇಲೆ ನನ್ನ ತೋಳು ಹಿಡಿದು, "ಲೋ, ಅಜ್ಜಿ ಕಣೋ. ನಮ್ಮ ಅಜ್ಜಿ," ಎಂದು ಪಿಸುಗುಟ್ಟಿದರು.

"ಭಾವ, ನಿಂಬೆಹಣ್ಣಿನಷ್ಟು ಬಲ್ಬು, ಅದು ಹೇಗೆ..."

"ನಿನಗೆ ನಮ್ಮ ಕಚೇರಿ ಗೊತ್ತಿಲ್ಲ. ಫೈಲು ಯಾಕೆ ನಿಲ್ಲುತ್ತೆ? ಯಾವುದೋ ಒಂದು ಮೇಜಿನಲ್ಲಿ ಅಡ್ಡಿ ಇರುತ್ತೆ. ಆ ಮೇಜು ದೊಡ್ಡದೇ ಆಗಿರಬೇಕಾಗಿಲ್ಲ. ಮೂಲೆಯಲ್ಲಿ, ಕಿಟಕಿ ಇಲ್ಲದ ಕಡೆ, ಸದ್ದಿಲ್ಲದೆ ಕೂತಿರುತ್ತೆ. ಅಲ್ಲಿ ಹೋಗಿ ಫೈಲು ಒದ್ದಾಡುತ್ತೆ. ಕರೆಂಟೂ ಹಾಗೇ. ರೋಧ ಹೆಚ್ಚಿದ್ದ ಕಡೆ ಒದ್ದಾಡುತ್ತೆ, ಒದ್ದಾಡಿ ಸಿಟ್ಟಿಗೆದ್ದು ಹಿಂದಕ್ಕೆ ತಿರುಗಿ ಫ್ಯೂಸಿನ ಮೇಲೆ ಬೀಳುತ್ತೆ."

ಇಷ್ಟು ಸ್ಪಷ್ಟವಾದ ವಿವರಣೆಯನ್ನು ನಾನು ಎಲ್ಲೂ ಕೇಳಿರಲಿಲ್ಲ. ಒಪ್ಪಿಬಿಟ್ಟೆ. ಬುಧವಾರ ಭಾವ ದೊಡ್ಡ ಹಾಳೆಯ ಮೇಲೆ ಪಟ್ಟಿಯನ್ನು ನೀಟಾಗಿ ಬರೆದರು, ಹೆಚ್ಚು ರೋಧದವರು ಮೇಲೆ, ಕಡಿಮೆಯವರು ಕೆಳಗೆ. ನಾನು ಕಾಗುಣಿತ ನೋಡಿ, ಒಂದು ಅಲ್ಪವಿರಾಮ ಸೇರಿಸಿ, ಮೂಲೆಯಲ್ಲಿ "ತಿದ್ದಲಾಗಿದೆ" ಎಂದು ಸಹಿ ಹಾಕಿದೆ. ನನ್ನ ಪಾಲು ಎಂದದ್ದು ಇದೇ.

ಪಟ್ಟಿಯನ್ನು ಫ್ಯೂಸ್ ಬೋರ್ಡಿನ ಪಕ್ಕದಲ್ಲಿ ಅಂಟಿಸಿದ ಕೂಡಲೇ ಎಲ್ಲರೂ ಸೇರಿದರು. ಮೊದಲು ಹೆಡ್‌ಮಾಸ್ಟರು ಗಟ್ಟಿಯಾಗಿ ಓದಿ, ತಾವು ಎರಡನೆಯವರೆಂದು ತಿಳಿದು ನಿಟ್ಟುಸಿರುಬಿಟ್ಟರು. ಆಮೇಲೆ ಎಲ್ಲರ ಕಣ್ಣೂ ಮೇಲಿನ ಸಾಲಿಗೆ ಹೋಗಿ, ಅಲ್ಲಿಂದ ಅಜ್ಜಿಯ ಬಾಗಿಲಿಗೆ ಹೋಯಿತು.

"ಹತ್ತು ಸಾವಿರವಾ?" ಎಂದರು ಅಜ್ಜಿ ಹೊಸ್ತಿಲ ಮೇಲೆ ನಿಂತು. "ಅಯ್ಯೋ ದೇವರೇ. ನಾನು ಅಷ್ಟೊಂದು ಎಳೀತಿದ್ದೆ ಅಂತ ನನಗೇ ಗೊತ್ತಿರಲಿಲ್ಲವಲ್ಲಪ್ಪ. ಇಷ್ಟು ವರ್ಷ ಯಾರೂ ಒಂದು ಮಾತು ಅನ್ನಲಿಲ್ಲ. ನಿಮ್ಮದೆಲ್ಲ ದೊಡ್ಡ ಮನಸ್ಸು."

ಒಳಗೆ ಹೋಗಿ ಟಕ್ ಎಂದು ಸ್ವಿಚ್ ಆರಿಸಿದರು. ಕತ್ತಲೆಯಲ್ಲಿ ಅವರ ಮುಖ ಕಾಣಲಿಲ್ಲ.

ಸಂಜೆ ಬಂದ ಮಾಲೀಕರು ಪಟ್ಟಿ ಓದಿದರು, ತಲೆ ಕೆರೆದುಕೊಂಡರು. ಅವರಿಗೂ ಅಜ್ಜಿ ಬೇಕಾದವರೇ. "ಬೇರೆ ಯಾರಾದ್ರೂ ಆಗಿದ್ರೆ..." ಎಂದು ಶುರುಮಾಡಿ ನಿಲ್ಲಿಸಿದರು. ಆಡಿದ ಮಾತು, ಎದುರಿಗೆ ಅಂಟಿಸಿದ ಬರಹ. ಅಜ್ಜಿಯೇ ಅವರನ್ನು ಸಮಾಧಾನ ಮಾಡಿದರು: "ನನ್ನ ತಂಗಿ ಮಗ ಇದ್ದಾನೆ. ಶನಿವಾರ ಹನ್ನೊಂದು ಗಂಟೆಗೆ ತಳ್ಳುಗಾಡಿ ತರ್ತಾನೆ. ನೀವು ನೆಮ್ಮದಿಯಾಗಿ ನಿದ್ದೆ ಮಾಡಿ."

ಮನೆಯಲ್ಲಿ ಅಕ್ಕ ಪಾತ್ರೆಯನ್ನು ಕುಕ್ಕಿ ಕುಕ್ಕಿ ಇಡುತ್ತಿದ್ದಳು.

"ನಿಮ್ಮ ಶಾಸ್ತ್ರ ನನಗೆ ಗೊತ್ತಿಲ್ಲ. ಆ ಬಲ್ಬಿನ ಹತ್ತಿರ ಕೈ ಹಿಡಿದ್ರೆ ಕೈ ಕೂಡ ಬೆಚ್ಚಗಾಗಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು."

"ವಿಜ್ಞಾನಕ್ಕೆ ಅಜ್ಜಿ ಗಿಜ್ಜಿ ಅಂತ ಇಲ್ಲ ಕಣೇ," ಎಂದರು ಭಾವ. ಹೇಳಿದರೇ ಹೊರತು ಅಂದು ಸರಿಯಾಗಿ ಊಟ ಮಾಡಲಿಲ್ಲ.

ಗುರುವಾರ ಬೆಳಿಗ್ಗೆ ಅಜ್ಜಿಯ ಕೋಣೆ ಕತ್ತಲಾಗಿತ್ತು. ಏಳೂವರೆಗೆ ಫ್ಯೂಸು ಹೋಯಿತು.

ಯಾರಾದರೂ ಇಲ್ಲಿ ಯೋಚಿಸಬೇಕಿತ್ತು. ಯೋಚಿಸಲು ನಮ್ಮಲ್ಲಿ ಭಾವ ಇದ್ದದ್ದರಿಂದ ಉಳಿದವರು ಯೋಚಿಸಲಿಲ್ಲ. "ಮೂವತ್ತು ವರ್ಷದ ಅಡ್ಡಿ ತಂತಿಯಲ್ಲಿ ಕೂತುಬಿಟ್ಟಿದೆ," ಎಂದು ಭಾವ ತೀರ್ಪು ಕೊಟ್ಟರು. "ಇಳಿಯೋಕೆ ಟೈಮ್ ಬೇಕು. ಅಲ್ಲಿಯವರೆಗೆ ಪಟ್ಟಿಯಲ್ಲಿ ಎರಡನೇ, ಮೂರನೇ, ನಾಲ್ಕನೇ ಸಾಲಿನವರು ಸಹಕರಿಸಬೇಕು." ಎರಡನೇ ಸಾಲು ರೇಡಿಯೋ. ಮೂರನೆಯದು ಎಲ್ಲ ಮನೆಗಳ ಟ್ಯೂಬ್‌ಲೈಟು. ನಾಲ್ಕನೆಯದು ಫ್ಯಾನು. ಒಂದೊಂದಾಗಿ ಎಲ್ಲವನ್ನೂ ಆರಿಸಿದೆವು.

ಇಷ್ಟಾದ ಮೇಲೆ ಜನ ಜಾಣರಾಗತೊಡಗಿದರು. ಹೆಡ್‌ಮಾಸ್ಟರು ಜೀವನದಲ್ಲಿ ಎಂದೂ ಎರಡನೆಯವರಾಗಿ ಶಿಕ್ಷೆ ಅನುಭವಿಸಿದವರಲ್ಲ. ಅವರು ರೇಡಿಯೋವನ್ನು ಪೆಟ್ಟಿಗೆಗೆ ಹಾಕಿ, ನೇರ ವಿದ್ಯುತ್ ಸಾಮಾನಿನ ಅಂಗಡಿಗೆ ಹೋಗಿ, "ನಲವತ್ತು ಓಮಿಗಿಂತ ಕಡಿಮೆ ಇರೋ ಒಲೆ ಕೊಡಿ" ಎಂದು ಕೇಳಿದರಂತೆ. ಅಂಗಡಿಯವನು ತನ್ನ ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಓಮ್ ಕೇಳಿದ ಗಿರಾಕಿಯನ್ನು ಮೊದಲ ಬಾರಿ ಕಂಡು, ಕುರ್ಚಿ ಕೊಟ್ಟು ಕೂರಿಸಿದನಂತೆ. ದರ್ಜಿ ತನ್ನ ಐವತ್ಮೂರನ್ನು ಇನ್ನೂ ಇಳಿಸುವ ಆಸೆಯಿಂದ ಷಡ್ಡಕನ ಇಸ್ತ್ರಿಪೆಟ್ಟಿಗೆಯನ್ನೂ ತಂದು ಎರಡನ್ನೂ ಒಟ್ಟಿಗೆ ಹಚ್ಚಿದ. ಯಾವುದರಲ್ಲೂ ಬಟ್ಟೆ ಇರಲಿಲ್ಲ. ಸುಮ್ಮನೆ ಕಾಯುತ್ತಿದ್ದವು, ಸದಾಚಾರದ ಗುರುತಾಗಿ.

ಶುಕ್ರವಾರದ ಬೆಳಗನ್ನು ನಾನು ಮರೆಯುವುದಿಲ್ಲ. ಐದು ಮನೆಯಲ್ಲೂ ಒಂದು ದೀಪವಿಲ್ಲ. ಮೆಟ್ಟಿಲಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು "ಯಾರದು?" ಎನ್ನುತ್ತಿದ್ದೆವು. ನರ್ಸಮ್ಮ ಮೇಣದಬತ್ತಿ ಹಿಡಿದು ಕರೆಂಟು ಒಲೆಯ ಮೇಲೆ ಅಡುಗೆ ಮಾಡುತ್ತಿದ್ದರು. ಹೆಡ್‌ಮಾಸ್ಟರ ಹೊಸ ಒಲೆಯ ಮೇಲೆ ಬರಿಯ ನೀರು ಕುದಿದು ಕುದಿದು ಇಂಗುತ್ತಿತ್ತು. ನಮ್ಮ ಬಕೆಟ್ಟಿನಿಂದ ಹಬೆ ಏಳುತ್ತಿತ್ತು. ಫ್ಯೂಸು ಏಳೂವರೆಯವರೆಗೆ ಕಾಯಲಿಲ್ಲ. ಏಳಕ್ಕೆ ಒಮ್ಮೆ ಹೋಯಿತು, ಏಳೂಕಾಲಿಗೆ ಒಮ್ಮೆ ಹೋಯಿತು, ಎಂಟಕ್ಕೆ ದರ್ಜಿ ತಂತಿ ಪೋಣಿಸುತ್ತಿರುವಾಗ ಅವನ ಕೈಯ ತಂತಿಯೇ ಮುಗಿದುಹೋಯಿತು.

"ಅಡ್ಡಿ ಇಳೀತಾ ಇದೆ," ಎಂದರು ಭಾವ ಕತ್ತಲೆಯಲ್ಲಿ. "ಇಳಿಯೋ ಮುಂಚೆ ಸ್ವಲ್ಪ ಏರುತ್ತೆ."

ಶನಿವಾರ ಬಂತು. ಬೆಳಿಗ್ಗೆ ಒಂಬತ್ತಕ್ಕೆ ಅಜ್ಜಿ ಬೀಗದಕೈಗಳನ್ನು ಮಡಿಲಲ್ಲಿ ಹಾಕಿಕೊಂಡು ಹೊರಟರು. ದರ್ಜಿಗೆ ದರ್ಜಿಯದು, ಕೆಳಗೆ ಇಳಿದು ಬಂದಿದ್ದ ನರ್ಸಮ್ಮನಿಗೆ ನರ್ಸಮ್ಮನದು. ಪ್ರತಿಯೊಬ್ಬರೂ ಅದನ್ನು ಅಂಗೈಯಲ್ಲಿ ಹಿಡಿದು, ಎಲ್ಲಿಡಬೇಕು ಎಂದು ತಿಳಿಯದೆ ನಿಂತರು. ನಮ್ಮ ಮನೆಗೆ ಬರಲು ಅಜ್ಜಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ, ಕೆಳಗಿನಿಂದಲೇ ಕೂಗಿದರು. ಭಾವ ಇಳಿದು ಹೋದರು.

"ತಗೋಪ್ಪ. ನಿನ್ನ ಬೀಗ ಸ್ವಲ್ಪ ಬಿಗಿ. ಎಡಗಡೆ ಒತ್ತಿ ತಿರುಗಿಸಬೇಕು. ನೀನು ದಿನಾ ಮರೀತೀಯ. ಇನ್ನು ಮೇಲೆ ನೆನಪಿಟ್ಟುಕೋ, ಹೇಳೋಕೆ ನಾನಿರಲ್ಲ."

ಭಾವ ಬೀಗದಕೈ ಹಿಡಿದುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾನೂ ಪಕ್ಕದಲ್ಲಿ ಕೂತೆ.

ಆ ಹೊತ್ತಿಗೆ ವಿದ್ಯುತ್ ಕಚೇರಿಯ ಮೀಟರ್ ಓದುವವರು ಬಂದರು. ಒಣಕಲು ಮೈಯ, ಅವಸರವಿಲ್ಲದ ಮನುಷ್ಯ. ತಿಂಗಳಿಗೊಮ್ಮೆ ಬಂದು, ಮೀಟರನ್ನು ನೋಡಿ, ಬರೆದುಕೊಂಡು, ಯಾರ ಮುಖವನ್ನೂ ನೋಡದೆ ಹೋಗುವವರು. ಅಂದು ಅವರ ಕಣ್ಣಿಗೆ ಪಟ್ಟಿ ಬಿತ್ತು. ಕನ್ನಡಕ ಏರಿಸಿಕೊಂಡು ಓದಿದರು. ಹಾಳೆಯ ಅಂಚಿನಲ್ಲಿ ಬೆರಳಿನಿಂದ ತಾವೇ ಭಾಗಾಕಾರ ಮಾಡಿದರು.

"ಇದನ್ನ ಯಾರು ಮಾಡಿದ್ದು?"

"ನಾನು," ಎಂದು ಭಾವ ಎದ್ದು ನಿಂತರು.

"ಕೈ ಕೊಡಿ ಇಲ್ಲಿ," ಎಂದು ಮೀಟರಿನವರು ಭಾವನ ಕೈ ಕುಲುಕಿದರು. "ಎಷ್ಟೋ ಕಟ್ಟಡ ಸುತ್ತಿದ್ದೀನಿ. ಇಷ್ಟು ಶಿಸ್ತಾದ ಲೆಕ್ಕ ಎಲ್ಲೂ ನೋಡಿಲ್ಲ. ಒಂದು ಅಂಕಿ ತಪ್ಪಿಲ್ಲ. ಯಾರು ಹೆಚ್ಚು ಕರೆಂಟು ಎಳೀತಾರೆ ಅಂತ ಕಂಡುಹಿಡಿಯೋಕೆ ಮಾಡಿದ್ದು ಅಲ್ವಾ?"

"ಹೌದು."

"ಭೇಷ್. ಓದೋರಿಗೆ ಒಂದು ಮಾತು ಹೇಳಿಬಿಡಿ ಅಷ್ಟೆ. ಕೆಳಗಿಂದ ಮೇಲಕ್ಕೆ ಓದಬೇಕು ಅಂತ."

ಭಾವ ಕೈ ಬಿಡಿಸಿಕೊಳ್ಳಲಿಲ್ಲ. "ಅಂದ್ರೆ?"

"ಅಂದ್ರೆ ಏನು ಸ್ವಾಮಿ, ರೋಧ ಜಾಸ್ತಿ ಇದ್ರೆ ಕರೆಂಟು ಒಳಗೆ ಹೋಗೋದೇ ಇಲ್ವಲ್ಲ. ಸಣ್ಣ ಬಾಗಿಲಲ್ಲಿ ಎಷ್ಟು ಜನ ನುಗ್ಗೋಕಾಗುತ್ತೆ? ಈ ಹತ್ತು ಸಾವಿರ ಓಮಿನ ಬಲ್ಬು ಇದೆಯಲ್ಲ, ಪಾಪ, ಅದು ಇದ್ರೂ ಒಂದೇ ಇಲ್ಲದಿದ್ರೂ ಒಂದೇ. ಈ ಕೊನೇ ಸಾಲಿನ ಇಪ್ಪತ್ತಾರೂವರೆ ನೋಡಿ, ಇದು ಊರಬಾಗಿಲು. ಎಲ್ಲಾ ಕರೆಂಟೂ ಇದರೊಳಗೇ ನುಗ್ಗುತ್ತೆ. ನಿಮ್ಮ ಫ್ಯೂಸು ಹದಿನೈದು ಆಂಪಿಯರ್‌ದು. ಇದೊಂದೇ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ತಗೊಳ್ಳುತ್ತೆ. ಜೊತೆಗೆ ಒಲೆ, ಇಸ್ತ್ರಿ ಎಲ್ಲಾ ಒಂದೇ ಹೊತ್ತಿಗೆ ಹಚ್ಚಿದ್ರೆ ಫ್ಯೂಸು ಕರಗದೆ ಏನು ಮಾಡುತ್ತೆ? ಒಂದಾದ ಮೇಲೊಂದು ಹಚ್ಚಿ, ಏನೂ ಆಗಲ್ಲ." ಮತ್ತೆ ಕೊನೆಯ ಸಾಲಿನ ಕಡೆ ಬಗ್ಗಿದರು. "ಯಾರ್ದು ಈ ಹೀಟರು?"

ಅವರಿಗೆ ಉತ್ತರ ಬೇಕಿರಲಿಲ್ಲ. ಅಂಕಿ ಬರೆದುಕೊಂಡು ಹೊರಟುಹೋದರು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವರನ್ನು ನೋಡಿ ನಾನು ಎಷ್ಟೋ ಸಲ ನಕ್ಕಿದ್ದೇನೆ. ಅಂದು ನಗು ಬರಲಿಲ್ಲ. ಭಾವ ಮತ್ತೆ ಮೆಟ್ಟಿಲ ಮೇಲೆ ಕೂತರು, ಮುಖ ಹಾಳೆಯಂತೆ ಬೆಳ್ಳಗಾಗಿತ್ತು. ಹತ್ತೂವರೆ ಗಂಟೆ. ಅಜ್ಜಿ ತಮ್ಮ ಕತ್ತಲೆ ಕೋಣೆಯಲ್ಲಿ ಪಾತ್ರೆಗಳನ್ನು ಸೀರೆಯಲ್ಲಿ ಸುತ್ತುವ ಸದ್ದು ಕೇಳುತ್ತಿತ್ತು.

"ಇದು ಗೊತ್ತಿರೋದು ಮೂರೇ ಜನಕ್ಕೆ," ಎಂದರು ಭಾವ ತುಂಬ ಮೆಲ್ಲಗೆ. "ನಾನು, ನೀನು, ಮೀಟರಿನವರು. ಅವರು ಇನ್ನು ಬರೋದು ಮುಂದಿನ ತಿಂಗಳು."

ನಾನು ಪಟ್ಟಿಯ ಮೂಲೆಯಲ್ಲಿದ್ದ ನನ್ನ ಸಹಿಯನ್ನು ನೋಡಿದೆ.

"ಹೇಳಿದ್ರೆ ನಾವು ಖಾಲಿ ಮಾಡಬೇಕು. ನಿಮ್ಮಕ್ಕ ಈ ಮನೆಗೆ ಎಷ್ಟು ಒಗ್ಗಿಹೋಗಿದ್ದಾಳೆ. ಅಲ್ಲದೆ ಈ ವಾರ ಎಲ್ರೂ ನನ್ನ ಮಾತು ಕೇಳಿದ್ರು ಕಣೋ. ದರ್ಜಿ ನನ್ನನ್ನ ಕಂಡ್ರೆ ಎದ್ದು ನಿಲ್ತಾನೆ."

ಅದೇ ಕ್ಷಣಕ್ಕೆ ಮೇಲಿನಿಂದ ಅಕ್ಕನ ದನಿ ಕೇಳಿಸಿತು: "ರೀ, ರಜಾ ಅಂತ ಹೀಗೇ ಕೂತಿರ್ತೀರಾ? ನೀರು ಕುದೀತಾ ಇದೆ, ಸ್ನಾನಕ್ಕೆ ಬನ್ನಿ!"

ಭಾವ ಚೇಳು ಕುಟುಕಿದವರಂತೆ ಎದ್ದರು.

ಹನ್ನೊಂದಕ್ಕೆ ತಳ್ಳುಗಾಡಿ ಬಂತು. ಮಾಲೀಕರೂ ಬಂದರು, ಸಾಕ್ಷಿಗೆ. ಅಜ್ಜಿಯ ತಂಗಿಯ ಮಗ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹೊರಗೆ ತಂದಿಟ್ಟ. ಎಲ್ಲರೂ ಸೇರಿದ್ದರು. ಆಗ ಭಾವ ಫ್ಯೂಸ್ ಬೋರ್ಡಿನ ಹತ್ತಿರ ಹೋಗಿ, ಪಟ್ಟಿಯನ್ನು ಗೋಡೆಯಿಂದ ಕಿತ್ತು, ತಿರುಗಿಸಿ, ಮೇಲಿನದು ಕೆಳಗೆ ಮಾಡಿ ಮತ್ತೆ ಅಂಟಿಸಿದರು.

ಎಲ್ಲರೂ ತಲೆ ಓರೆ ಮಾಡಿ ನೋಡಿದರು. ಹೆಡ್‌ಮಾಸ್ಟರು ಸೊಂಟ ಬಗ್ಗಿಸಿಯೂ ಓದಲು ನೋಡಿದರು.

"ಸಾರ್, ತಲೆಕೆಳಗಾಗಿದೆ," ಎಂದ ದರ್ಜಿ.

"ಇಷ್ಟು ದಿನ ತಲೆಕೆಳಗಾಗಿತ್ತು. ಈಗ ಸರಿಯಾಗಿದೆ," ಎಂದರು ಭಾವ. "ಹೆಚ್ಚು ಓಮು ಅಂದ್ರೆ ಕಡಿಮೆ ಕರೆಂಟು. ನಾನು ಉಲ್ಟಾ ತಿಳ್ಕೊಂಡೆ. ಅಜ್ಜಿ ಬಲ್ಬು ಎಳೆಯೋದು ಏನೂ ಅಲ್ಲ. ಮೊದಲನೇ ಅಪರಾಧಿ ನಮ್ಮ ಹೀಟರು. ಅಜ್ಜೀ, ನನ್ನದು ತಪ್ಪಾಯ್ತು. ಮಾಲೀಕರೇ, ಗಾಡಿ ಹೇಗೂ ಬಂದಿದೆ. ನಮ್ಮ ಸಾಮಾನು ಹೇರ್ತೀನಿ."

ಮೆಟ್ಟಿಲ ಮೇಲೆ ನಿಂತಿದ್ದ ಅಕ್ಕನ ಕೈಯಿಂದ ಟವೆಲ್ಲು ಜಾರಿತು. ಬೈಯುತ್ತಾಳೆ ಎಂದು ನಾನು ಕಿವಿ ಮುಚ್ಚಿಕೊಳ್ಳಲು ಸಿದ್ಧನಾದೆ. ಅವಳು ಭಾವನನ್ನೇ ನೋಡುತ್ತ ಇಳಿದು ಬಂದು ಅವರ ಪಕ್ಕದಲ್ಲಿ ನಿಂತಳು. "ಹೇರೋದಾದ್ರೆ ಇಬ್ರೂ ಸೇರಿ ಹೇರೋಣ," ಎಂದಳು. ನನ್ನ ಅಕ್ಕ ಅಂಥವಳು.

ಮಾಲೀಕರು ಕುತ್ತಿಗೆ ಓರೆ ಮಾಡಿ ಪಟ್ಟಿ ಓದತೊಡಗಿದರು. "ಹಾಗಾದ್ರೆ ಮೊದಲನೆಯವರು ನೀವು. ಎರಡನೆಯವರು..."

"ನಾನು," ಎಂದರು ನರ್ಸಮ್ಮ. "ನನ್ನ ಒಲೆ."

"ಅದರ ಪಕ್ಕದಲ್ಲೇ ನನ್ನ ಹೊಸ ಒಲೇನೂ ಬರುತ್ತೆ," ಎಂದರು ಹೆಡ್‌ಮಾಸ್ಟರು ಪ್ರಾಮಾಣಿಕವಾಗಿ. "ಮೊನ್ನೆ ತಂದೆ."

"ನಂದು ಎರಡು ಇಸ್ತ್ರಿ, ಸಾರ್," ಎಂದ ದರ್ಜಿ ಅಳುಮುಖ ಮಾಡಿ.

ಮಾಲೀಕರು ಬೆರಳು ಮಡಿಸಿ ಎಣಿಸಿದರು. ಶಾಸ್ತ್ರದ ಪ್ರಕಾರ ಅವರ ಕಟ್ಟಡದಲ್ಲಿ ಉಳಿಯಲು ಯೋಗ್ಯರಾದವರು ಅಜ್ಜಿ ಒಬ್ಬರೇ ಆಗಿದ್ದರು. ಅವರು ಟ್ರಂಕಿನ ಮೇಲೆ ಕೂತು ಬೆವರು ಒರೆಸಿಕೊಂಡರು. "ಏನು ಮಾಡ್ಲಿ ಅಜ್ಜಿ, ನೀವೇ ಹೇಳಿ. ಇವರು ಹೋಗಲೇಬೇಕಲ್ಲ. ಬರೆದದ್ದು ಅಂದ್ರೆ..."

"ಇವನನ್ನ ಕಳಿಸಿ ಇನ್ನೊಬ್ಬನ್ನ ತರ್ತೀಯಾ?" ಎಂದರು ಅಜ್ಜಿ. "ಅವನೂ ನೀರು ಕಾಯಿಸ್ತಾನೆ. ಇವನಿಗಾದ್ರೂ ಲೆಕ್ಕ ಬರುತ್ತೆ. ಅವನಿಗೆ ಅದೂ ಬರದಿದ್ರೆ ಏನಪ್ಪಾ ಮಾಡ್ತೀಯ? ಏಳು, ನನ್ನ ಟ್ರಂಕಿನ ಮೇಲಿಂದ ಏಳು. ಒಳಗೆ ಇಡಬೇಕು."

ಮಾಲೀಕರು ಎದ್ದರು. ತಂಗಿಯ ಮಗ ಖಾಲಿ ಗಾಡಿ ತಳ್ಳಿಕೊಂಡು ಹೋದ. ಟ್ರಂಕಿಗೆ ನಾಲ್ಕು ಜನ ಕೈ ಹಾಕಿದೆವು; ಒಬ್ಬರು ಎತ್ತಬಹುದಾದ ಟ್ರಂಕು ಅದು.

ಮೀಟರಿನವರು ಹೇಳಿದ ಮಾತನ್ನು ನಾನು ಎಲ್ಲರಿಗೂ ತಿಳಿಸಿದೆ. ಒಂದಾದ ಮೇಲೊಂದು. ಫ್ಯೂಸ್ ಬೋರ್ಡಿನ ಪಕ್ಕದಲ್ಲೇ ಇರುವ ಅಜ್ಜಿಗೆ ಸರದಿಯ ಯಜಮಾನಿಕೆ ಕೊಟ್ಟೆವು. ಭಾವನ ಹೀಟರಿಗೆ ಬೆಳಿಗ್ಗೆ ಆರು ಗಂಟೆಯಿಂದ ಅರ್ಧ ಗಂಟೆ, ಆಮೇಲೆ ಒಲೆಗಳು, ಆಮೇಲೆ ಇಸ್ತ್ರಿ. ಬೀಗದಕೈಗಳು ಒಂದೊಂದಾಗಿ ಮೊಳೆಗೆ ವಾಪಸು ಬಂದವು. ದೀಪ ಹತ್ತಿತು.

ಭಾನುವಾರ ಇಡೀ ದಿನ ಭಾವ ಕಾಗದ ಹಿಡಿದು ಕೂತಿದ್ದರು. ಸಂಜೆ ಅದನ್ನು ನನ್ನ ಮುಂದೆ ಚಾಚಿದರು. "ಕಾಗುಣಿತ ನೋಡಬೇಡ. ಲೆಕ್ಕ ಮಾತ್ರ ನೋಡು." ಎರಡೇ ಸಾಲಿತ್ತು. ನಮ್ಮ ಹೀಟರು ಅರ್ಧ ಗಂಟೆ ಎಳೆಯುವ ಕರೆಂಟಿನಲ್ಲಿ ಅಜ್ಜಿಯ ದೀಪ ಇನ್ನೂರು ಗಂಟೆ ಉರಿಯುತ್ತದೆ. ಎಂಟು ದಿನ, ಎಂಟು ಗಂಟೆ. ನಾನು ಎರಡು ಸಲ ಲೆಕ್ಕ ಹಾಕಿದೆ. ಸರಿಯಾಗಿತ್ತು. ಭಾವ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು, ಗೋಡೆಗೆ ಅಂಟಿಸಲಿಲ್ಲ.

ಸೋಮವಾರ ಬೆಳಿಗ್ಗೆ ಆರಕ್ಕೆ ಅಜ್ಜಿ ಕೆಳಗಿನಿಂದ ಕೂಗಿದರು: "ಏಳಪ್ಪಾ, ನಿನ್ನ ಸರದಿ!" ಭಾವ ಎದ್ದರು. ಹೀಟರಿನ ಕಡೆ ನೋಡದೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಚಳಿಗಾಲದ ನೀರು. ಚೊಂಬು ತುಂಬಿದ ಸದ್ದು. ಆಮೇಲೆ ಬಂದ ಕೂಗಿಗೆ ದರ್ಜಿಯ ಕೈಯ ಕತ್ತರಿ ಬಿತ್ತು, ಹೆಡ್‌ಮಾಸ್ಟರು ಹಾಸಿಗೆಯಿಂದ ನೇರ ಎದ್ದು ನಿಂತರು, ಅಜ್ಜಿ ಓಡಿ ಬಂದು ಫ್ಯೂಸ್ ಬೋರ್ಡನ್ನು ಮೂಸಿ ನೋಡಿದರು.

"ಏನಮ್ಮಾ ಆಯ್ತು? ಫ್ಯೂಸು ಹೋಯ್ತಾ?"

"ಫ್ಯೂಸಲ್ಲ ಅಜ್ಜಿ," ಎಂದಳು ಅಕ್ಕ. "ನಮ್ಮೋರು ತಣ್ಣೀರು ಸುರ್ಕೊಂಡ್ರು."

"ಯಾಕೆ? ಸರದಿ ಇತ್ತಲ್ಲ!"

ಬಚ್ಚಲ ಒಳಗಿನಿಂದ ಹಲ್ಲು ಕಟಕಟಿಸುತ್ತ ಉತ್ತರ ಬಂತು: "ಆ ಕರೆಂಟು... ನಿಮ್ಮ ದೀಪಕ್ಕಿರಲಿ ಅಜ್ಜಿ... ಎಂಟು ದಿನ... ಎಂಟು ಗಂಟೆ..."

ಅಜ್ಜಿಗೆ ಲೆಕ್ಕ ಅರ್ಥವಾಯಿತೋ ಇಲ್ಲವೋ ಗೊತ್ತಿಲ್ಲ. ಆಮೇಲೆ "ಹುಚ್ಚಪ್ಪ, ಹುಚ್ಚಪ್ಪ" ಎಂದುಕೊಳ್ಳುತ್ತ, ಎಷ್ಟೋ ವರ್ಷದಿಂದ ಹತ್ತದ ಆ ಮೆಟ್ಟಿಲನ್ನು ಒಂದೊಂದಾಗಿ ಹತ್ತಿ ಬಂದು, ಬಕೆಟ್ಟಿನಲ್ಲಿ ನೀರಿದೆಯೇ ಎಂದು ಬಗ್ಗಿ ನೋಡಿ, ತಮ್ಮ ಕೈಯಿಂದಲೇ ನಮ್ಮ ಹೀಟರಿನ ಸ್ವಿಚ್ ಹಾಕಿದರು.